ಬೇಸ್ ಇಲ್ಲ ಅನ್ನುವ ಗೆಳೆಯರಿಗೆ, ಅಂಕೋಲೆಯಿಂದ

ಕಾರವಾರ, ಕುಮಟಾ, ಹೊನ್ನಾವರ, ಶಿರಸಿ ಕಡೆಯ ನ್ಯೂ ಆರ್ಡರ್ ಅನ್ನುವ ಇಂಗ್ಲೆಂಡಿನ ತಂಡದ ಹಾಡು ಕೇಳುವ ಗೆಳೆಯರೇ,

ನಮಸ್ಕಾರ. ನಾನು ಅಂಕೋಲೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ಮದುವೆ, ಬಂಡಿಹಬ್ಬ, ಶಾಲೆಯ ಗ್ಯಾದರಿಂಗ್, ಯಕ್ಷಗಾನದ ಆಟ, ಭಾಷಣ, ಯಾವುದಕ್ಕೆ ಕರೆದರೂ ಹೋಗುತ್ತೇನೆ. ನಿಮ್ಮಲ್ಲಿ ಹೆಚ್ಚಿನವರು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ವಾದ ಮಾಡಿದವರೇ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವ ಬದಲು ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಮಾತು ನಮ್ಮ ಐದಾರು ಜನರೊಳಗೇ ಸುತ್ತಿ ಸುತ್ತಿ ಅಲ್ಲೇ ನಿಂತಿದೆ, ಮತ್ತೆ ಈ ತಂಡದ ಹೆಸರೇ ಕೇಳದವರು ಓದಿದರೂ ಒಳ್ಳೆಯದೇ, ಒಂದು ಹಾಡಾದರೂ ಕೇಳುತ್ತಾರೆ.

ವಿಷಯ ನಿಮಗೆ ಗೊತ್ತೇ ಇದೆ. 2015ರ ಸೆಪ್ಟೆಂಬರ್ 25ಕ್ಕೆ ಬಂದ ಈ ತಂಡದ ‘ಮ್ಯೂಸಿಕ್ ಕಂಪ್ಲೀಟ್’ ಆಲ್ಬಮ್. ಹತ್ತು ವರ್ಷ ತುಂಬಿತು ಅಂತ ಮತ್ತೆ ಕೇಳಿದೆವು, ಮತ್ತೆ ಜಗಳ ಶುರುವಾಯಿತು. ಅದಕ್ಕೆ ಆಗ ಸಿಕ್ಕ ಹೊಗಳಿಕೆ ಅದು ದುಡಿದು ಪಡೆದದ್ದೋ, ಇಲ್ಲಾ ಹಳಬರು ತಿರುಗಿ ಬಂದರಲ್ಲ ಅನ್ನುವ ಖುಷಿಗೆ ಎಲ್ಲರೂ ಚಪ್ಪಾಳೆ ತಟ್ಟಿದರೋ? ಶಿರಸಿಯ ಗೆಳೆಯ ಅಡಿಕೆ ವ್ಯಾಪಾರದ ಮಧ್ಯೆಯೇ ಫೋನ್ ಮಾಡಿ, "ಹುಕ್ ಇಲ್ಲದ ಮೇಲೆ ಅದು ನ್ಯೂ ಆರ್ಡರ್ ಅಲ್ಲ ಮಾರಾಯ, ಬೋರ್ಡು ಮಾತ್ರ ಹಳೇದು" ಅಂದ. ಹುಕ್ ಅಂದರೆ ತಂಡದಲ್ಲಿ ಮೊದಲು ಬೇಸ್ ಗಿಟಾರ್, ಅಂದರೆ ತಗ್ಗು ಸ್ವರದ ಗಿಟಾರ್, ನುಡಿಸುತ್ತಿದ್ದವನು, ಈ ಆಲ್ಬಮ್ ಬರುವ ಮೊದಲೇ ಬಿಟ್ಟುಹೋದವನು. ಕುಮಟೆಯ ಮಾಸ್ತರರು, "ಅದು ವಯಸ್ಸಿಗೆ ಕೊಟ್ಟ ಮರ್ಯಾದೆ, ಹಾಡಿಗಲ್ಲ" ಅಂದರು. ಕಾರವಾರದ ಹುಡುಗಿ, ನಮ್ಮೆಲ್ಲರಿಗಿಂತ ಚಿಕ್ಕವಳು, ಈ ತಂಡವನ್ನು ಈ ಆಲ್ಬಮ್‌ನಿಂದಲೇ ಕೇಳಲು ಶುರು ಮಾಡಿದವಳು, ಟಾಗೋರ್ ಬೀಚಿನಲ್ಲಿ ಎಲ್ಲರೂ ಕೂತಿದ್ದಾಗ ಕೊನೆಗೆ ಸಿಟ್ಟಿನಿಂದ ಹೇಳಿದಳು: "ನೀವೆಲ್ಲ ಹಾಡು ಕೇಳ್ತಾ ಇಲ್ಲ, ಹಾಜರಿ ತಗೊಳ್ತಾ ಇದ್ದೀರಿ."

ಅವಳ ಆ ಮಾತು ನನಗೆ ರಾತ್ರಿಯಿಡೀ ಕಾಡಿತು. ನಾನೂ ಹಾಜರಿ ತೆಗೆದುಕೊಂಡವನೇ.

ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಈ ಆಲ್ಬಮ್‌ಗೆ ಹೊಗಳಿಕೆ ಸಲ್ಲಬೇಕು. ಅದರಲ್ಲಿ ಸೋತ ಹಾಡುಗಳಿವೆ, ಅದನ್ನೂ ಹೇಳುತ್ತೇನೆ. ಆದರೆ ನಾವು ಬೇಸ್ ಇಲ್ಲ, ಬೇಸ್ ಇಲ್ಲ ಅಂತ ಹತ್ತು ವರ್ಷ ಹೇಳುತ್ತಾ ಬಂದಿದ್ದೇವಲ್ಲ, ಆ ಮಾತನ್ನು ನಾವು ಎಲ್ಲಿ ಕೂತು, ಯಾವುದರಲ್ಲಿ ಕೇಳಿ ಹೇಳಿದ್ದು ಅಂತ ಒಮ್ಮೆ ನೋಡಿಕೊಳ್ಳಬೇಕು. ಈ ಪತ್ರ ಬರೆದದ್ದು ಅದಕ್ಕೇ.

ತಂಡ ಗೊತ್ತಿಲ್ಲದವರಿಗೆ ಸ್ವಲ್ಪ ಹಿಂದಿನ ಕತೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆ ಜಾಯ್ ಡಿವಿಷನ್ ಅಂತ ನಾಲ್ಕು ಹುಡುಗರ ತಂಡ ಇತ್ತು. ಹಾಡುಗಾರ ಇಯಾನ್ ಕರ್ಟಿಸ್ 1980ರ ಮೇ 18ರಂದು ಜೀವ ಕಳೆದುಕೊಂಡ. ಅವನಿಗೆ 23 ವರ್ಷ. ತಂಡ ಅಮೆರಿಕಕ್ಕೆ ಹೊರಡುವ ಹೊತ್ತು ಅದು. ಉಳಿದ ಮೂವರು, ಬರ್ನಾರ್ಡ್ ಸಮ್ನರ್, ಪೀಟರ್ ಹುಕ್, ಸ್ಟೀಫನ್ ಮಾರಿಸ್, ಹೆಸರು ಬದಲಾಯಿಸಿ ನ್ಯೂ ಆರ್ಡರ್ ಆದರು. ಅದೇ ವರ್ಷ ಜಿಲಿಯನ್ ಗಿಲ್ಬರ್ಟ್ ಸೇರಿದಳು. ಗಿಟಾರ್ ತಂಡವಾಗಿದ್ದದ್ದು ಮೆಲ್ಲಗೆ ಯಂತ್ರಗಳ ಕಡೆ, ಕುಣಿತದ ಕಡೆ ಬಂತು. 1983ರಲ್ಲಿ ‘ಬ್ಲೂ ಮಂಡೆ’ ಬಂತು. ಏಳೂವರೆ ನಿಮಿಷದ ಹಾಡು. ಹನ್ನೆರಡು ಇಂಚಿನ ಸಿಂಗಲ್ ರೆಕಾರ್ಡುಗಳಲ್ಲಿ ಅದರಷ್ಟು ಮಾರಾಟವಾದದ್ದು ಬೇರೆ ಇಲ್ಲ.

ನನ್ನ ಕೈಗೆ ಅದು ಬಂದದ್ದು ಗೋಕರ್ಣದಿಂದ. ತೊಂಬತ್ತರ ದಶಕ, ನಾನಿನ್ನೂ ರೇಡಿಯೋ ರಿಪೇರಿ ಕಲಿಯುತ್ತಿದ್ದ ಹುಡುಗ. ಓಂ ಬೀಚಿನಲ್ಲಿ ಉಳಿದಿದ್ದ ಒಬ್ಬ ವಿದೇಶಿ ತನ್ನ ವಾಕ್‌ಮನ್ ತಂದ. ಉಪ್ಪು ಗಾಳಿಗೆ ಬ್ಯಾಟರಿ ಕಾಂಟ್ಯಾಕ್ಟ್ ಹಸಿರುಗಟ್ಟಿತ್ತು. ಉಪ್ಪುಕಾಗದದಲ್ಲಿ ಉಜ್ಜಿ, ಬೆಲ್ಟ್ ಬದಲಿಸಿ ಕೊಟ್ಟೆ. ಅವನು ದುಡ್ಡೂ ಕೊಟ್ಟ, ಜೊತೆಗೆ ಒಂದು ಕ್ಯಾಸೆಟ್ಟೂ ಕೊಟ್ಟ. 1987ರ ‘ಸಬ್‌ಸ್ಟನ್ಸ್’. ಅಂಗಡಿಯಲ್ಲಿ ಒಂದು ಹಳೆಯ ಹನ್ನೆರಡು ಇಂಚಿನ ಸ್ಪೀಕರ್ ಪೆಟ್ಟಿಗೆ ಇಲ್ಲದೆ ಬೆಂಚಿನ ಮೇಲೆ ಬಿದ್ದಿತ್ತು. ಅದಕ್ಕೇ ತಂತಿ ಸಿಕ್ಕಿಸಿ ಹಾಕಿದೆ. ‘ಬ್ಲೂ ಮಂಡೆ’ಯ ಮೊದಲ ಏಟುಗಳು ಬಿದ್ದಾಗ ಕೋನಿನ ಮೇಲಿದ್ದ ಧೂಳು ಏಟಿಗೊಂದು ಸಲ ಎದ್ದು ಕೂತಿತು. ನಾನು ಅಂಗೈ ಇಟ್ಟು ನೋಡಿದೆ. ಇವತ್ತಿಗೂ ಹೊಸ ಬಾಕ್ಸ್ ಬಂದರೆ ನಾನು ಮೊದಲು ಹಾಕುವುದು ಅದೇ ಹಾಡು. ನನ್ನ ಕೆಲಸದ ಹುಡುಗರಿಗೆ ಹಾಡಿನ ಹೆಸರು ಗೊತ್ತಿಲ್ಲ, ‘ಚೆಕಿಂಗ್ ಹಾಡು’ ಅನ್ನುತ್ತಾರೆ.

ಆ ಹಾಡಿನ ಬಗ್ಗೆ ಜಿಲಿಯನ್ ಮುಂದೆ ಯಾವಾಗಲೋ ಹೇಳಿಕೊಂಡ ಒಂದು ಸಂಗತಿ ನನಗೆ ಬಹಳ ಇಷ್ಟ. ಸೀಕ್ವೆನ್ಸರ್, ತುಂಬಿಟ್ಟ ಸ್ವರಗಳನ್ನು ಸಾಲಾಗಿ ನುಡಿಸುವ ಯಂತ್ರ, ಅಂದರೆ ಆಗ ಈಗಿನ ಹಾಗೆ ಬಟನ್ ಒತ್ತುವ ಕೆಲಸ ಅಲ್ಲ. ಒಂದೊಂದೇ ಸ್ವರವನ್ನು ಕೈಯಿಂದ ತುಂಬಬೇಕಿತ್ತು. ಆ ಕೆಲಸ ಅವಳದ್ದು. ಕಾಗದದ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಸ್ಟುಡಿಯೋ ಉದ್ದಕ್ಕೂ ಸ್ವರ ಬರೆದಿಟ್ಟುಕೊಂಡಿದ್ದಳಂತೆ, ಹೆಣಿಗೆಯ ನಮೂನೆಯ ಹಾಗೆ. ತುಂಬುವಾಗ ಒಂದು ಸ್ವರ ಬಿಟ್ಟುಹೋಯಿತು. ಅದಕ್ಕೇ ರಾಗ ತಾಳದಿಂದ ಒಂಚೂರು ಜಾರಿದ ಹಾಗೆ ಕೇಳುತ್ತದೆ. ಹಾಗೇ ಇಟ್ಟರು. ನಮಗೆಲ್ಲ ಎದೆ ಜುಂ ಅನ್ನಿಸಿದ್ದು ಆ ಜಾರಿದ್ದೇ.

ಇದನ್ನು ಯಾಕೆ ಹೇಳಿದೆ ಅಂದರೆ, ನಮ್ಮ ಜಗಳದಲ್ಲಿ ಜಿಲಿಯನ್ ಹೆಸರು ಒಬ್ಬರ ಬಾಯಲ್ಲೂ ಬರುವುದಿಲ್ಲ. ಹುಕ್ ಹೋದ, ಹುಕ್ ಹೋದ, ಅಷ್ಟೇ. ಹುಕ್ 2007ರಲ್ಲಿ ಹೋದ, ನಿಜ. ಆದರೆ ಜಿಲಿಯನ್ ಅದಕ್ಕೂ ಮೊದಲೇ, 2001ರ ಹೊತ್ತಿಗೆ, ಮನೆಯಲ್ಲಿ ಮಗುವಿನ ಆರೈಕೆಗೆ ಅಂತ ಹೊರಗೆ ಉಳಿದಿದ್ದಳು. 2005ರ ಆಲ್ಬಮ್‌ನಲ್ಲಿ ಅವಳಿಲ್ಲ. ಆಗ ನಾವು ಯಾರೂ ‘ಇದು ನ್ಯೂ ಆರ್ಡರ್ ಅಲ್ಲ’ ಅನ್ನಲಿಲ್ಲ ಅಲ್ವಾ? ಅವಳು 2011ರಲ್ಲಿ ತಿರುಗಿ ಬಂದಳು, ಬ್ರಸೆಲ್ಸ್ ಮತ್ತು ಪ್ಯಾರಿಸ್‌ನ ಕಾರ್ಯಕ್ರಮಗಳಿಗೆ. ಆಮೇಲೆ ಬಂದದ್ದು ‘ಮ್ಯೂಸಿಕ್ ಕಂಪ್ಲೀಟ್’. ಹುಕ್ ಇಲ್ಲದ ಮೊದಲ ಆಲ್ಬಮ್ ಅಂತ ನಾವು ಹೇಳುವುದು ಎಷ್ಟು ನಿಜವೋ, ಜಿಲಿಯನ್ ತಿರುಗಿ ಕೂತ ಆಲ್ಬಮ್ ಅನ್ನುವುದೂ ಅಷ್ಟೇ ನಿಜ. 2001 ಮತ್ತು 2005ರ ಎರಡೂ ಆಲ್ಬಮ್ ಗಿಟಾರಿನ ಕಡೆ ಜಾಸ್ತಿ ವಾಲಿದ್ದವು. ಇದು ಕೀಬೋರ್ಡಿನ ಕಡೆ, ಕುಣಿತದ ಕಡೆ ತಿರುಗಿತು. ಅದು ತನ್ನಷ್ಟಕ್ಕೆ ಆದದ್ದಲ್ಲ.

ಈಗ ಶಿರಸಿಯ ಗೆಳೆಯನಿಗೆ ನೇರ ಮಾತು. ನಿನ್ನ ದುಃಖ ನನಗೆ ಅರ್ಥವಾಗುತ್ತದೆ. ಹುಕ್ ನುಡಿಸುವುದು ಬೇರೆ ಯಾರ ಹಾಗೂ ಅಲ್ಲ. ಬೇಸ್ ಗಿಟಾರ್ ಅಂದರೆ ಕೆಳಗೆ ಗುಮ್ ಅನ್ನುತ್ತಾ ಇರಬೇಕು ಅಂತ ಎಲ್ಲರೂ ಅಂದುಕೊಂಡಾಗ ಅವನು ಮೇಲಿನ ಸ್ವರಗಳಲ್ಲಿ ರಾಗ ನುಡಿಸಿದ. ಶುರುವಿನಲ್ಲಿ ಸಮ್ನರನ ಗಿಟಾರ್ ಆಂಪ್ಲಿಫೈಯರ್ ಸದ್ದು ಜೋರಾಗಿ, ಮೇಲೆ ನುಡಿಸಿದರೆ ಮಾತ್ರ ತನ್ನದು ತನಗೆ ಕೇಳುತ್ತಿತ್ತು ಅಂತ ಅವನೇ ಹೇಳಿಕೊಂಡಿದ್ದಾನೆ. ಮೈಕ್ ಸೆಟ್ಟಿನವನಾಗಿ ನನಗೆ ಇದು ಎಷ್ಟು ಹತ್ತಿರದ ಮಾತು ಗೊತ್ತಾ? ಪ್ರತಿ ಆಟದಲ್ಲೂ ಯಾರಾದರೊಬ್ಬರು ನನ್ನ ಹತ್ತಿರ ಬಂದು "ನಂದು ನಂಗೇ ಕೇಳ್ತಾ ಇಲ್ಲ" ಅನ್ನುತ್ತಾರೆ.

ಆದರೆ ನೀನು ಈ ಆಲ್ಬಮ್ ಕೇಳಿದ್ದು ಫೋನಿನಲ್ಲಿ. ನಾನು ಕೇಳಿದಾಗ ನೀನೇ ಒಪ್ಪಿಕೊಂಡೆ. ಮಾಸ್ತರರು ಕೇಳಿದ್ದೂ ಫೋನಿನಲ್ಲೇ, ಊಟದ ಮೇಜಿನ ಮೇಲೆ ಲೋಟಕ್ಕೆ ಒರಗಿಸಿ ಇಟ್ಟು. ಈಗ ನನ್ನ ಕಸುಬಿನ ಮಾತು ಸ್ವಲ್ಪ ಕೇಳಿ. ಬೇಸ್ ಗಿಟಾರಿನ ಅತಿ ತಗ್ಗು ಸ್ವರದ ತಂತಿ ಮಿಡಿದರೆ ಸೆಕೆಂಡಿಗೆ 41 ಸಲ ಅಲುಗುತ್ತದೆ, 41 ಹರ್ಟ್ಸ್. ಫೋನಿನ ಸ್ಪೀಕರ್ ಹೆಬ್ಬೆರಳ ಉಗುರಿನಷ್ಟು. ಸುಮಾರು 200ಕ್ಕಿಂತ ಕೆಳಗೆ ಅದರಿಂದ ಹೆಚ್ಚೇನೂ ಹೊರಡುವುದಿಲ್ಲ. ಅಷ್ಟು ಚಿಕ್ಕದು ಅಷ್ಟು ಗಾಳಿಯನ್ನು ತಳ್ಳುವುದು ಹೇಗೆ? ಹುಕ್ ನುಡಿಸುವುದು ಮೇಲೆ. ಅತಿ ಮೇಲಿನ ಸ್ವರದ ತಂತಿಯ 12ನೇ ಫ್ರೆಟ್ಟಿನಲ್ಲಿ, ಅಂದರೆ ಗಿಟಾರಿನ ಕತ್ತಿನ ಮೇಲಿನ 12ನೇ ಪಟ್ಟಿಯಲ್ಲಿ, ಬೆರಳಿಟ್ಟರೆ 196 ಹರ್ಟ್ಸ್, ಅದರಿಂದ ಮುಂದೆ ಹೋದರೆ ಇನ್ನೂ ಮೇಲೆ. ಅಂದರೆ ಅವನ ಬೇಸ್ ಫೋನಿನಲ್ಲೂ ಕೇಳುತ್ತದೆ. ಈ ಆಲ್ಬಮ್‌ನಲ್ಲಿ ಹುಕ್ ಜಾಗಕ್ಕೆ ಬಂದ ಟಾಮ್ ಚಾಪ್ಮನ್ ಬಹಳ ಕಡೆ ಕೆಳಗೆ ನುಡಿಸುತ್ತಾನೆ, ಅವನ ಜೊತೆಗೆ ಸಿಂಥಸೈಜರಿನ ಬೇಸ್ ಅದಕ್ಕೂ ಕೆಳಗೆ ಓಡುತ್ತದೆ. ಅದು ಫೋನಿನಲ್ಲಿ ಹೆಚ್ಚೇನೂ ಬರುವುದಿಲ್ಲ. ಹಳೆಯ ಆಲ್ಬಮ್ ಫೋನಿನಲ್ಲಿ ಕೇಳಿದರೆ ಬೇಸ್ ಇದೆ, ಹೊಸದು ಕೇಳಿದರೆ ಬೇಸ್ ಇಲ್ಲ. ನೀವು ಹುಕ್ ಇಲ್ಲ ಅಂತ ಅಂದುಕೊಂಡದ್ದರಲ್ಲಿ ಅರ್ಧ ಹುಕ್ ಇಲ್ಲದ್ದು, ಇನ್ನರ್ಧ ಸ್ಪೀಕರ್ ಇಲ್ಲದ್ದು.

ನಾನು ಇದನ್ನು ಕಂಡುಕೊಂಡದ್ದು ಕಳೆದ ಮಳೆಗಾಲದಲ್ಲಿ. ಜೂನ್ ಬಂತು ಅಂದರೆ ನಮಗೆ ಬಾಡಿಗೆ ಕೆಲಸ ಇರುವುದಿಲ್ಲ. ಎಲ್ಲ ಬಾಕ್ಸ್ ಬಿಚ್ಚಿ, ಕಾಯಿಲ್ ನೋಡಿ, ಕನೆಕ್ಟರ್ ತಿಕ್ಕಿ, ತಿರುಗಿ ಜೋಡಿಸುವುದೇ ಕೆಲಸ. ಹದಿನೆಂಟು ಇಂಚಿನ ಎರಡು ಬೇಸ್ ಬಾಕ್ಸ್ ಜೋಡಿಸಿ ಮುಗಿಸಿದ್ದೆ. ಹೊರಗೆ ಮಳೆ ಹೇಗಿತ್ತು ಅಂದರೆ ತಗಡಿನ ಮಾಡಿನ ಸದ್ದಿಗೆ ಎದುರಿಗಿದ್ದವರ ಮಾತೇ ಕೇಳದು. ಯಾಕೋ ‘ಬ್ಲೂ ಮಂಡೆ’ ಬಿಟ್ಟು ಈ ಆಲ್ಬಮ್‌ನ ‘ಪ್ಲಾಸ್ಟಿಕ್’ ಹಾಕಿದೆ. ಹತ್ತಿರ ಹತ್ತಿರ ಏಳು ನಿಮಿಷದ ಹಾಡು. ಅದರ ಸಿಂಥ್ ಬೇಸ್ ಒಂದೇ ಸಮನೆ ಓಡುತ್ತದೆ, ಉಸಿರು ತೆಗೆದುಕೊಳ್ಳದ ಹಾಗೆ. ಗೋಡೆಗೆ ನೇತು ಹಾಕಿದ್ದ ಕೇಬಲ್ ಸುರುಳಿಗಳು ಅಲುಗಿದವು. ನಾನು ಕಾಲಿನಿಂದ ಕೇಳಿದೆ, ಹೊಟ್ಟೆಯಿಂದ ಕೇಳಿದೆ. ಒಂಬತ್ತು ವರ್ಷ ನಾನು ಕೇಳಿದ್ದು ಈ ಹಾಡನ್ನೇ ಅಲ್ಲ ಅನಿಸಿತು. ಆಮೇಲೆ ಇಡೀ ಆಲ್ಬಮ್, ಒಂದು ಗಂಟೆಯ ಮೇಲೆ, ನಿಂತೇ ಕೇಳಿದೆ.

‘ಸಿಂಗ್ಯುಲಾರಿಟಿ’ ಶುರುವಾಗುವಾಗ ಬೇಸ್ ಗಿಟಾರ್ ಜಾಯ್ ಡಿವಿಷನ್ ಕಾಲದ ನೆರಳಿನ ಹಾಗೆ ಬರುತ್ತದೆ. ಚಾಪ್ಮನ್ ಹುಕ್‌ನನ್ನು ನಕಲು ಮಾಡಿದ ಅಂತ ಶಿರಸಿಯ ಗೆಳೆಯ ದೂರುವುದು ಇದಕ್ಕೇ. ಆದರೆ ಒಂದು ನಿಮಿಷ ತಾಳು. ಆ ನೆರಳಿನ ಮೇಲೆ ಯಂತ್ರಗಳು ಬಂದು ಬಿದ್ದ ಮೇಲೆ ಅದು ಬೇರೆಯೇ ಹಾಡು. ಅದರ ನಿರ್ಮಾಣದಲ್ಲಿ ಕುಣಿತದ ಸಂಗೀತದ ಜೋಡಿ ಕೆಮಿಕಲ್ ಬ್ರದರ್ಸ್‌ನ ಟಾಮ್ ರೋಲ್ಯಾಂಡ್ಸ್ ಕೈ ಇದೆ, ಅಂದರೆ ಇವರ ಹಾಡು ಕೇಳಿ ಬೆಳೆದವರು ಇವರಿಗೇ ಕೆಲಸ ಮಾಡಿಕೊಟ್ಟಿದ್ದಾರೆ. ‘ಟೂಟಿ ಫ್ರೂಟಿ’ಯಲ್ಲಿ ಲಾ ರೂ ಅನ್ನುವ ಹೆಸರಿನಲ್ಲಿ ಹಾಡುವ ಎಲಿ ಜಾಕ್ಸನ್ ದನಿ ಸಮ್ನರನ ದನಿಯ ಪಕ್ಕದಲ್ಲಿ ನಿಂತಾಗ ಅವನದ್ದು ಎಷ್ಟು ತೆಳು ಅಂತ ಗೊತ್ತಾಗುತ್ತದೆ. ಅವನದ್ದು ಯಾವಾಗಲೂ ತೆಳುವೇ. ಕರ್ಟಿಸ್ ಹೋದ ಮೇಲೆ ಬೇರೆ ದಾರಿ ಇಲ್ಲದೆ ಹಾಡಲು ನಿಂತವನು ಅವನು. ಆ ತೆಳು ದನಿಯ ಕೆಳಗೆ ದಪ್ಪ ಬೇಸ್, ಇದೇ ಈ ತಂಡದ ಗುಟ್ಟು ಅಂತ ನನಗೆ ಅನಿಸುತ್ತದೆ. ಅದು ಇಲ್ಲಿ ಪೂರ್ತಿ ಇದೆ.

ನಮ್ಮ ಕಡೆಯದ್ದೇ ಒಂದು ಮಾತು ಹೇಳಬೇಕು. ಯಕ್ಷಗಾನದ ಭಾಗವತ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು, ಇನ್ನೂ ಮೂವತ್ತರ ಆಸುಪಾಸು. ಆಟ ನೋಡುವ ಹಿರಿಯರನ್ನು ಇವತ್ತು ಕೇಳಿ ನೋಡಿ. ಯಾವ ಭಾಗವತರು ಹಾಡಿದರೂ "ನಾವಡರ ಹಾಗೆ ಆಗ್ಲಿಲ್ಲ" ಅನ್ನುವವರು ಇನ್ನೂ ಇದ್ದಾರೆ. ನಾನು ಮಿಕ್ಸರ್ ಹಿಂದೆ ಕೂತು ಎಷ್ಟೋ ರಾತ್ರಿ ಈ ಮಾತು ಕೇಳಿದ್ದೇನೆ. ಒಳ್ಳೆಯ ಕಂಠದ ಹುಡುಗ ಒಂದು ಪದ್ಯವನ್ನು ಎತ್ತಿ, ಏರಿಸಿ, ಚಂಡೆಯವನ ಕಣ್ಣು ನೋಡಿ ಇಳಿಸಿದಾಗ ನನ್ನ ಮೈ ಜುಂ ಅಂದಿರುತ್ತದೆ, ಪಕ್ಕದಲ್ಲಿ ಕೂತ ಅಜ್ಜ ತಲೆ ಅಲ್ಲಾಡಿಸಿ ಹಳೆಯದನ್ನೇ ನೆನೆಯುತ್ತಾರೆ. ಅಜ್ಜನ ಪ್ರೀತಿ ಸುಳ್ಳಲ್ಲ. ಆದರೆ ಆ ಹುಡುಗ ಅವತ್ತು ರಾತ್ರಿ ಹಾಡಿದ್ದು ಅವರ ಕಿವಿಗೆ ಬೀಳಲೇ ಇಲ್ಲ. ಚಾಪ್ಮನ್‌ಗೆ ನಾವು ಮಾಡಿದ್ದೂ ಅದನ್ನೇ.

ಮಾಸ್ತರರೇ, ನಿಮ್ಮ ಮಾತಿಗೆ ಬರುತ್ತೇನೆ. ವಯಸ್ಸಿಗೆ ಕೊಟ್ಟ ಮರ್ಯಾದೆ ಅಂದಿರಿ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೊನೆಯ ವರ್ಷಗಳ ಆಟ ನೀವೂ ನೋಡಿದ್ದೀರಿ. 2012ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ಎಂಬತ್ತರ ಹತ್ತಿರ. ಆಮೇಲೂ ಗೆಜ್ಜೆ ಕಟ್ಟಿದರು. ಆಗ ನಾವು ಹೊಡೆದ ಚಪ್ಪಾಳೆಯಲ್ಲಿ ವಯಸ್ಸಿನ ಮರ್ಯಾದೆ ಸ್ವಲ್ಪ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಕೀಚಕನಾಗಿ ಸೈರಂಧ್ರಿಯನ್ನು ನೋಡಿದ ಆ ಕಣ್ಣು, ಹುಬ್ಬು ಏರಿಸಿ ಸುಮ್ನೆ ನಿಂತದ್ದು, ಅದಕ್ಕೆ ಚಪ್ಪಾಳೆ ಬೇರೆಯೇ ಬಿತ್ತು. ಎರಡು ಚಪ್ಪಾಳೆಯ ಸದ್ದು ಒಂದೇ ಅಲ್ಲ, ಸಭೆಯಲ್ಲಿ ಕೂತವರಿಗೆ ಗೊತ್ತಾಗುತ್ತದೆ. ‘ಮ್ಯೂಸಿಕ್ ಕಂಪ್ಲೀಟ್’ ಇಂಗ್ಲೆಂಡಿನ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಹೋಯಿತು. 1993ರ ‘ರಿಪಬ್ಲಿಕ್’ ಆದಮೇಲೆ ಅವರಿಗೆ ಸಿಕ್ಕ ಅತಿ ಮೇಲಿನ ಸ್ಥಾನ ಅದು. ಬರೀ ಮರ್ಯಾದೆಯ ಮಾತಾದರೆ 2001ರಲ್ಲೂ ಅವರು ಎಂಟು ವರ್ಷದ ಮೇಲೆ ತಿರುಗಿ ಬಂದವರೇ, ಹುಕ್ ಜೊತೆಗೇ ಬಂದಿದ್ದರು. ಆಗ ಇಷ್ಟು ಮೇಲೆ ಹೋಗಲಿಲ್ಲ.

ಇನ್ನು ಸೋತದ್ದು. ಆಲ್ಬಮ್ ಉದ್ದವಾಯಿತು. ಹನ್ನೊಂದು ಹಾಡು, ಒಂಬತ್ತು ಸಾಕಿತ್ತು. ‘ಸ್ಟ್ರೇ ಡಾಗ್’ನಲ್ಲಿ ಅಮೆರಿಕದ ಹಾಡುಗಾರ ಇಗ್ಗಿ ಪಾಪ್ ಆ ಗೊಗ್ಗರು ದನಿಯಲ್ಲಿ ಮಾತಾಡುತ್ತಾ ಹೋಗುತ್ತಾನೆ. ಮೊದಲ ಸಲ ಚೆನ್ನಾಗಿರುತ್ತದೆ, ನಾಲ್ಕನೇ ಸಲಕ್ಕೆ ನಾನು ಮುಂದಿನ ಹಾಡಿಗೆ ಹೋಗುತ್ತೇನೆ. ಕೊನೆಯ ‘ಸೂಪರ್‌ಹೀಟೆಡ್’ ನನಗೆ ಹಿಡಿಸಲಿಲ್ಲ. ಅದರಲ್ಲಿ ಕಿಲ್ಲರ್ಸ್ ತಂಡದ ಬ್ರಾಂಡನ್ ಫ್ಲವರ್ಸ್ ಹಾಡಿದ್ದಾನೆ. ಕಿಲ್ಲರ್ಸ್ ಅನ್ನುವ ಹೆಸರೇ ನ್ಯೂ ಆರ್ಡರ್‌ನ 2001ರ ‘ಕ್ರಿಸ್ಟಲ್’ ಹಾಡಿನ ವೀಡಿಯೊದಲ್ಲಿದ್ದ ಒಂದು ಕಲ್ಪನೆಯ ತಂಡದ್ದು. ಅಲ್ಲಿಂದ ಹೆಸರು ತೆಗೆದುಕೊಂಡು ಬೆಳೆದವನು ಇವರ ಮನೆಗೇ ಬಂದು ಹಾಡಿದ, ಆ ಕತೆ ಚಂದ. ಆದರೆ ಹಾಡು ಬಂದವನದ್ದಾಯಿತು, ಮನೆಯವರದ್ದಾಗಲಿಲ್ಲ. ಸಮ್ನರನ ಸಾಹಿತ್ಯವೂ ಕೆಲವು ಕಡೆ ಹೈಸ್ಕೂಲ್ ಹುಡುಗನ ಡೈರಿಯ ಹಾಗಿದೆ. ಮಾಸ್ತರರು ಇದನ್ನು ಹೇಳಿದಾಗ ನಾನು ಸುಮ್ಮನೆ ವಾದ ಮಾಡಿದ್ದೆ. ಅವರು ಹೇಳಿದ್ದು ಸರಿ.

ಇಷ್ಟೆಲ್ಲ ಸೋಲು ಇಟ್ಟುಕೊಂಡೂ ನಾನು ಹೊಗಳುತ್ತೇನೆ. ಹುಕ್ ತನ್ನ ತಂಡ ಕಟ್ಟಿಕೊಂಡು ಹಳೆಯ ಆಲ್ಬಮ್‌ಗಳನ್ನು ಊರೂರಲ್ಲಿ ನುಡಿಸುತ್ತಿದ್ದಾನೆ. ಅವನಿಗೆ ಆ ಹಕ್ಕು ಪೂರ್ತಿ ಇದೆ, ಕೇಳಲು ನನಗೂ ಆಸೆ ಇದೆ. ಉಳಿದವರೂ ಅದನ್ನೇ ಮಾಡಬಹುದಿತ್ತು. ‘ಬ್ಲೂ ಮಂಡೆ’ ಒಂದನ್ನು ನುಡಿಸಿದರೆ ಯಾವ ಊರಲ್ಲೂ ಜನ ಸೇರುತ್ತಾರೆ. ಆದರೂ ಅರವತ್ತರ ಹತ್ತಿರ ಬಂದವರು ಕೂತು ಹೊಸ ಹಾಡು ಕಟ್ಟಿದರು, ಅದೂ ಕುಣಿಯುವ ಹಾಡು. ಇದು ಎಷ್ಟು ಕಷ್ಟ ಅಂತ ಮೇಳದವರ ಜೊತೆ ಒಂದು ತಿರುಗಾಟ ಹೋದವರಿಗೆ ಗೊತ್ತು. ಹಳೆಯ ಪ್ರಸಂಗಕ್ಕೆ ಜನ ಖಾತ್ರಿ, ಹೊಸ ಪ್ರಸಂಗಕ್ಕೆ ಮೊದಲ ರಾತ್ರಿ ಎಲ್ಲರಿಗೂ ಎದೆ ಡವಡವ.

ಹಾಗಾಗಿ ನನ್ನದೊಂದು ಕೋರಿಕೆ. ದೀಪಾವಳಿ ಆದಮೇಲೆ ಮೇಳ ಹೊರಡುತ್ತದೆ, ಮದುವೆ ಶುರುವಾಗುತ್ತದೆ, ಆಗ ನನ್ನ ಬಾಕ್ಸ್ ಒಂದೂ ಅಂಗಡಿಯಲ್ಲಿ ಇರುವುದಿಲ್ಲ. ಅದಕ್ಕೆ ಮೊದಲೇ ಒಂದು ಭಾನುವಾರ ಎಲ್ಲರೂ ಬನ್ನಿ. ಅಕ್ಕಪಕ್ಕದ ಅಂಗಡಿಗಳು ಮುಚ್ಚಿರುತ್ತವೆ, ಮಧ್ಯಾಹ್ನ ಮೂರರಿಂದ ಐದು ಅಂತ ಪಕ್ಕದ ಮನೆಯವರನ್ನೂ ಕೇಳಿಟ್ಟಿದ್ದೇನೆ. ಎರಡು ಬೇಸ್, ಎರಡು ಟಾಪ್ ಜೋಡಿಸಿ ಇಡುತ್ತೇನೆ. ಶಿರಸಿಯ ಗೆಳೆಯ ದೇವಿಮನೆ ಘಟ್ಟ ಇಳಿದು ಬರುವಾಗ ಕುಮಟೆಯಲ್ಲಿ ಮಾಸ್ತರರನ್ನು ಹತ್ತಿಸಿಕೊಳ್ಳಲಿ. ಕಾರವಾರದ ಹುಡುಗಿ ಬಸ್ಸಿಗೆ ಬಂದರೆ ಸ್ಟ್ಯಾಂಡಿಗೆ ನನ್ನ ಹೆಂಡತಿ ಬರುತ್ತಾಳೆ.

ಮೊದಲು ಹುಕ್ ನುಡಿಸಿದ್ದು ಹಾಕೋಣ, 1989ರ ‘ಟೆಕ್ನಿಕ್’ನಿಂದ ಎರಡು ಹಾಡು, ಯಾವುದು ಅಂತ ಶಿರಸಿಯವನೇ ಆರಿಸಲಿ. ಆಮೇಲೆ ಅದೇ ವಾಲ್ಯೂಮಿನಲ್ಲಿ, ಮಿಕ್ಸರಿನ ಒಂದು ಗುಂಡಿಯನ್ನೂ ಮುಟ್ಟದೆ, ‘ಪ್ಲಾಸ್ಟಿಕ್’. ಆ ಏಳು ನಿಮಿಷ ಯಾರೂ ಮಾತಾಡಬಾರದು. ಅದಾದ ಮೇಲೂ ಬೇಸ್ ಇಲ್ಲ ಅಂದರೆ ಕೇಳುತ್ತೇನೆ, ಆದರೆ ಎಲ್ಲಿ ಇಲ್ಲ ಅಂತ ಹಾಡಿನ ಜಾಗ ತೋರಿಸಿ ಹೇಳಬೇಕು. ಬರುವವರು ಬುಧವಾರದೊಳಗೆ ತಿಳಿಸಿ, ಜನರೇಟರಿಗೆ ಡೀಸೆಲ್ ತಂದಿಡಬೇಕು, ಭಾನುವಾರ ಕರೆಂಟ್ ನಂಬುವ ಹಾಗಿಲ್ಲ.

ನಿಮ್ಮ,
ಅಂಕೋಲೆಯ ಮೈಕ್ ಸೆಟ್ಟಿನವನು